ಬೇರಿಲ್ಲದ ಉಂಗುರ

ರೊಟ್ಟಿಯ ತುಣುಕು ಬಾಯಿಗೆ ಇನ್ನೂ ಗೇಣು ದೂರವಿರುವಾಗ ಶಿವಯೋಗಿಯ ಕೈ ನಿಂತುಬಿಟ್ಟಿತು. ಕಣ್ಣು ತೆರೆದೇ ಇತ್ತು, ಉಸಿರು ಆಡುತ್ತಿತ್ತು. ಅಷ್ಟು ಬಿಟ್ಟರೆ ಅವನೊಳಗೆ ಬೇರೇನೂ ನಡೆಯುತ್ತಿರಲಿಲ್ಲ. ಎದುರಿಗೆ ಕುಳಿತಿದ್ದ ಅವನ ಹೆಂಡತಿ ನೀಲಾಂಬಿಕೆ ಬಗ್ಗಿ, ಅವನ ಬೆರಳ ಸಂದಿಯಿಂದ ಇಳಿಯುತ್ತಿದ್ದ ಬದನೆಕಾಯಿ ಪಲ್ಯದ ಎಣ್ಣೆಯನ್ನು ಒರೆಸಿ, ತನ್ನ ಊಟ ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಚಲಿಸಿ ತುಣುಕು ಬಾಯಿ ಸೇರಿತು. ನಡುವೆ ಏನೋ ಕಳೆಯಿತೆಂದು ಅವನಿಗೆ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ.

ಧಾರವಾಡದಲ್ಲಿ ಇದನ್ನು ನಿಲುಗಡೆ ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಬಂದ ಮೆದುಳುಜ್ವರ ಊರಿನ ಎಷ್ಟೋ ಜನರ ನೆನಪನ್ನು ಸೋರುವ ಕೊಡ ಮಾಡಿ ಹೋಗಿತ್ತು. ಅಂಥವರ ಕಿವಿಯ ಹಿಂದೆ ಉಗುರಿನಷ್ಟು ದೊಡ್ಡ ಚಿಪ್ಪೊಂದನ್ನು ಕೂರಿಸಿ, ಮೆದುಳಿನಲ್ಲಿ ಉಳಿದಿದ್ದನ್ನೆಲ್ಲ ಅದರೊಳಗೆ ಇಳಿಸಿದ್ದರು. ಚಿಪ್ಪಿನಲ್ಲಿ ಜಾಗ ಕಡಿಮೆ. ಹೊಸದಕ್ಕೆ ಜಾಗವಾಗಬೇಕಾದರೆ ಬೇಡವಾದದ್ದು ಹೊರಗೆ ಹೋಗಬೇಕು. ಕಸ ಗುಡಿಸುವಾಗ ಯಾರೂ ನಡುವೆ ಓಡಾಡಬಾರದಲ್ಲ, ಹಾಗೆ ಆ ಹೊತ್ತು ಮನುಷ್ಯ ನಿಲ್ಲಬೇಕು. ಊರು ಇದಕ್ಕೆ ಹೊಂದಿಕೊಂಡಿತ್ತು. ಕ್ಷೌರದವನಿಗೇ ನಿಲುಗಡೆ ಬಂದರೆ ಗಿರಾಕಿ ಕತ್ತಿಯ ಕೆಳಗೆ ಕತ್ತು ಅಲುಗಿಸದೆ ಕೂತಿರುತ್ತಿದ್ದ. ಅಕ್ಷತೆ ಹಿಡಿದ ಮಾವನ ಕೈ ಗಾಳಿಯಲ್ಲಿ ನಿಂತರೆ ಮದುವೆಮನೆಯ ವಾದ್ಯದವರು ಇನ್ನೊಂದು ಸುತ್ತು ಬಾರಿಸುತ್ತಿದ್ದರು. ಶಾಲೆಯಲ್ಲಿ ಮಕ್ಕಳು ನಿಂತುಹೋದ ಮಾಸ್ತರರ ಮುಖಕ್ಕೆ ಸೀಮೆಸುಣ್ಣದಲ್ಲಿ ಮೀಸೆ ಬರೆಯುತ್ತಿದ್ದರು. ಸಂತೆಯ ಕಿಸೆಗಳ್ಳರು ಬೇರೆ ಕಸುಬನ್ನೇ ಬಿಟ್ಟು ನಿಲುಗಡೆಗಳನ್ನು ಕಾಯುತ್ತಿದ್ದರು.

"ಚಾ," ಎಂದ ಶಿವಯೋಗಿ, ಗೋಡೆಯ ಕಡೆ ನೋಡುತ್ತ.

ಅವನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಮೈಕಿನಲ್ಲಿ ಒಂದೊಂದು ಬಸ್ಸಿನ ಊರನ್ನೂ ಹೆಸರು ಹಿಡಿದು ಕೂಗಿ ಕರೆದೇ ಅವನ ನೌಕರಿ ಸಾಗಿತ್ತು. ಮನೆಯಲ್ಲಿ ಮಾತ್ರ ಹನ್ನೊಂದು ವರ್ಷಗಳಿಂದ ಹೆಂಡತಿಯನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಬೇಕಾದ ವಸ್ತುವಿನ ಹೆಸರು ಹೇಳುತ್ತಿದ್ದ. ಅವಳು ಬರುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ನೀರು ಬಂದ ಒಂದು ಬೆಳಿಗ್ಗೆ, ಅಂಗಳದ ನೆಲದಡಿಯ ಸಂಪು ಎಷ್ಟು ತುಂಬಿದೆಯೆಂದು ಕೋಲು ಇಳಿಸಿ ನೋಡಲು ಅವನು ಮುಚ್ಚಳ ತೆಗೆದಿದ್ದ. ಅಷ್ಟರಲ್ಲಿ ಡಿಪೋದಿಂದ ಫೋನ್ ಬಂತು. ಮಾತಾಡುತ್ತ ಒಳಗೆ ಹೋದ. ಮುಚ್ಚಳ ತೆಗೆದೇ ಇತ್ತು. ಅವರ ಮಗಳು ತಾರಾ ಅಂಗಳದಲ್ಲಿದ್ದಳು. ಅವಳಿಗೆ ನಾಲ್ಕು ವರ್ಷ. ನೀಲಾಂಬಿಕೆ ಕೆಲಸಕ್ಕೆ ಹೋಗಿದ್ದವಳು, ಮನೆಗೆ ಬರುವಾಗ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ ನೋಡಿಯೇ ತಿಳಿದುಕೊಂಡಳು.

ಅವನನ್ನು ಅವಳು ಬೈಯಲಿಲ್ಲ. ಅವನು ಕ್ಷಮೆ ಕೇಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಯಾರೂ ತಾರಾಳ ಹೆಸರೆತ್ತಲಿಲ್ಲ. ಯಾರೋ ಕೂತು ಮಾಡಿದ ನಿಯಮವಲ್ಲ ಅದು. ಗಾಯದ ಮೇಲೆ ಹಕ್ಕಳೆ ಕಟ್ಟಿದ ಹಾಗೆ ತಾನಾಗಿ ಕಟ್ಟಿಕೊಂಡಿತು. ನೆಂಟರು ಬಂದರೆ ಮಕ್ಕಳ ಮಾತು ಬಿಟ್ಟು ಉಳಿದದ್ದನ್ನು ಮಾತಾಡಿ ಎದ್ದು ಹೋಗುತ್ತಿದ್ದರು. ಆಮೇಲೆ ನೆಂಟರೂ ಕಡಿಮೆಯಾದರು.

ಬರುವ ವಾರ ಶಿವಯೋಗಿಗೆ ದೊಡ್ಡ ಗುಡಿಸು ಇತ್ತು. ದಿನದ ನಿಲುಗಡೆ ಹೊಸದನ್ನಷ್ಟೇ ಗುಡಿಸಿದರೆ, ಇದು ಚಿಪ್ಪಿನ ಮೂಲೆಮೂಲೆಯನ್ನೂ ತೆಗೆದು ನೋಡುವ, ಎರಡು ವರ್ಷಕ್ಕೊಮ್ಮೆ ಆಗುವ ಕೆಲಸ. ಅದರಲ್ಲಿ ತಾರಾ ಉಳಿಯಬೇಕೋ ಹೋಗಬೇಕೋ ಎಂಬುದು ಈಗ ನೀಲಾಂಬಿಕೆಯ ಬಾಯಲ್ಲಿತ್ತು.

*

ಗುಡ್ಡದ ಮೇಲಿನ ಸ್ಮೃತಿ ಕೇಂದ್ರದಲ್ಲಿ ನೀಲಾಂಬಿಕೆಯದೇ ಆ ಕೆಲಸ. ಚಿಪ್ಪುಗಳ ಒಳಗೆ ಓಡುವ, ಕಸ ತೆಗೆಯುವ ಕ್ರಮವಿಧಿಯನ್ನು ಅವಳೂ ಅವಳ ಸಹಾಯಕಿ ಶಾಹೀನ ಮುಲ್ಲಾಳೂ ನೋಡಿಕೊಳ್ಳುತ್ತಿದ್ದರು. ಕೇಂದ್ರದಲ್ಲಿ ಅದಕ್ಕೆ ಬಾರಿಗೆ, ಅಂದರೆ ಕಸಬರಿಗೆ, ಎಂದು ಹೆಸರು. ಅದನ್ನು ಬರೆದ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ ಅವರಿಬ್ಬರ ವಯಸ್ಸು ಕೂಡಿಸಿದರೂ ಮುಟ್ಟಲಾರದಷ್ಟು ಹಳೆಯದು.

ಆ ಭಾಷೆಯಲ್ಲಿ ಎಲ್ಲವೂ ಜೋಡಿ. ಎರಡು ಖಾನೆಯ ಪುಟ್ಟ ಪೆಟ್ಟಿಗೆಗಳು. ಒಂದು ಖಾನೆಯಲ್ಲಿ ಸಾಮಾನು, ಇನ್ನೊಂದರಲ್ಲಿ ಮುಂದಿನ ಪೆಟ್ಟಿಗೆ ಎಲ್ಲಿದೆಯೆಂಬ ಗುರುತು. ಸಾಲಾಗಿ ನಿಂತ ಜನ ಎಡಗೈಯಲ್ಲಿ ತಮ್ಮ ಗಂಟು ಹಿಡಿದು, ಬಲಗೈಯಲ್ಲಿ ಮುಂದಿನವರ ಕೈ ಹಿಡಿದಂತೆ. ನೆನಪುಗಳು ಚಿಪ್ಪಿನಲ್ಲಿ ಹೀಗೆ ಕೈ ಹಿಡಿದುಕೊಂಡು ನಿಂತಿರುತ್ತವೆ. ಆ ಸಾಲುಗಳೆಲ್ಲ ಹೊರಡುವುದು ಕೆಲವೇ ಜಾಗಗಳಿಂದ. ಮನಸ್ಸು ತಾನಾಗಿ ಕೂಗಿ ಕರೆಯುವ ಕರೆಗಳವು: ಅವ್ವ, ತಂಗಿ, ಹುಟ್ಟಿದೂರು, ಕೆಲಸ, ಹಸಿವು. ಅವಕ್ಕೆ ಬೇರು ಎನ್ನುತ್ತಾರೆ. ಬಾರಿಗೆ ಒಂದೊಂದು ಬೇರಿನಿಂದ ಹೊರಟು, ಕೈಯಿಂದ ಕೈಗೆ ದಾಟುತ್ತ, ಮುಟ್ಟಿದವರಿಗೆಲ್ಲ ಗುರುತು ಹಾಕುತ್ತ ಹೋಗುತ್ತದೆ. ಕೊನೆಗೆ ಗುರುತು ಬೀಳದವರು ಕಸ. ದೊಡ್ಡದೋ ಚಿಕ್ಕದೋ, ಪ್ರೀತಿಯದೋ ಅಲ್ಲವೋ ಎಂದು ಅದು ಕೇಳುವುದಿಲ್ಲ. ತಲುಪಬಹುದೇ ಇಲ್ಲವೇ, ಅಷ್ಟನ್ನೇ ನೋಡುತ್ತದೆ.

ಮೊದಲು ಹೀಗಿರಲಿಲ್ಲ. ಹಳೆಯ ಬಾರಿಗೆ ಒಂದೊಂದು ನೆನಪನ್ನೂ ಎಷ್ಟು ಕೈ ಹಿಡಿದಿವೆಯೆಂದು ಎಣಿಸುತ್ತಿತ್ತು, ಒಂದೂ ಇಲ್ಲದ್ದನ್ನು ಎಸೆಯುತ್ತಿತ್ತು. ಆದರೆ ಎರಡು ನೆನಪುಗಳು ಒಂದರ ಕೈ ಒಂದು ಹಿಡಿದು ಉಂಗುರದಂತೆ ನಿಂತುಬಿಟ್ಟರೆ, ಹೊರಗಿನಿಂದ ಯಾರೂ ಹಿಡಿಯದಿದ್ದರೂ ಅವುಗಳ ಲೆಕ್ಕ ಸೊನ್ನೆಗೆ ಇಳಿಯುತ್ತಿರಲಿಲ್ಲ. ಅಂಥ ಉಂಗುರಗಳೇ ತುಂಬಿ ರೋಗಿಗಳು ಹಗಲೆಲ್ಲ ನಿಂತೇ ಇರತೊಡಗಿದರು. ಅದಕ್ಕೇ ಈ ಹೊಸ ಬಾರಿಗೆ. ಇದಕ್ಕೆ ಉಂಗುರಗಳ ಮೇಲೆ ಕರುಣೆಯಿಲ್ಲ.

"ಬರ್ರಿ ಅಕ್ಕಾರ, ನಿಮ್ಮ ಸಾಹೇಬರ ನಕ್ಷೆ ಬಂದೈತಿ," ಎಂದಳು ಶಾಹೀನ. ಮನೆಯವರ ಚಿಪ್ಪನ್ನು ಮನೆಯವರು ಮುಟ್ಟುವ ಹಾಗಿಲ್ಲ. ನೋಡಬಹುದು, ಅಷ್ಟೇ. ನೋಡಿದರೂ ಕಾಣುವುದು ಎಳೆಗಳು, ಗಂಟುಗಳು, ಅವುಗಳ ಗಾತ್ರ, ಎಷ್ಟು ಬಳಕೆಯಾಗಿವೆಯೆಂಬ ಹೊಳಪು. ಬದುಕಿರುವ ನೆನಪಿನೊಳಗೆ ಏನಿದೆಯೆಂದು ಓದಲು ಕಾನೂನು ಬಿಡುತ್ತಿರಲಿಲ್ಲ.

ಪರದೆಯ ಕೆಳಗಿನ ಮೂಲೆಯಲ್ಲಿ ದೊಡ್ಡದೊಂದು ಉಂಗುರ ಮಂಕಾಗಿ ಮಲಗಿತ್ತು. ಯಾವ ಬೇರಿನಿಂದಲೂ ಅದಕ್ಕೆ ಎಳೆ ಇರಲಿಲ್ಲ.

"ಇದೇನ್ರಿ ಇಷ್ಟ ದೊಡ್ಡದು?"

"ಮಗಳು," ಎಂದಳು ನೀಲಾಂಬಿಕೆ.

ಶಾಹೀನ ಉಂಗುರದ ಗಾತ್ರ ಅಳೆದು ನೋಡಿ, "ನಾಕು ವರ್ಷದ ಕೂಸು ಇಷ್ಟ ಜಾಗ ಹಿಡೀತೈತೇನ್ರಿ?" ಎಂದು ಕೇಳಿದಳು.

"ಸಂಕಟ ಹಿಡೀತೈತಿ."

ಶಾಹೀನ ಮಾತು ಬದಲಿಸಲು ಪರದೆಯ ಮೇಲ್ಭಾಗಕ್ಕೆ ಹೋದಳು. ಅಲ್ಲಿ ಒಂದು ಬೇರು ಎಲ್ಲಕ್ಕಿಂತ ದಪ್ಪಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

"ಇಲ್ಲಿ ನೋಡ್ರಿ! ದಿನಕ್ಕ ಎಷ್ಟ ಸಲ ಕರೀತಾರ ಇದನ್ನ. ಎದ್ದ ಕೂಡಲೇ ಇದ, ಉಂಡ ಕೂಡಲೇ ಇದ. ಇದು ನೀವ ಇರಬೇಕ್ರಿ ಅಕ್ಕಾರ. ಬಾಯಿಲೆ ಕರೀಲಿಲ್ಲಂದ್ರೂ ಮನಸ್ಸಿನ್ಯಾಗ ಹ್ಯಾಂಗ ಕರಿಯಾಕತ್ತಾರ ನೋಡ್ರಿ. ಗಂಡಸರು ಭಾಳ ಕಳ್ಳರದಾರ."

"ಹೋಗ ನಿನ್ನ," ಎಂದಳು ನೀಲಾಂಬಿಕೆ. ಆದರೆ ಆ ದಿನವೆಲ್ಲ ಅವಳ ಕಣ್ಣು ಮತ್ತೆ ಮತ್ತೆ ಆ ದಪ್ಪ ಎಳೆಯ ಮೇಲೆ ಹೋಗುತ್ತಿತ್ತು. ಬೇರೆ ಯಾವ ಗಂಡನ ಚಿಪ್ಪಿನಲ್ಲಿ ತಾನೆ ಹೆಂಡತಿಯ ಹೆಸರು ಹೆಸರಾಗಿ ಇದ್ದೀತು? ಇಲ್ಲಿ ಯಾರು ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾರೆ? ಹೆಸರಿಲ್ಲದೆಯೂ ಕರೆ ಇರುತ್ತದೆ. ಹನ್ನೊಂದು ವರ್ಷದ ಮೌನದ ಕೆಳಗೆ ಆ ಮನುಷ್ಯ ತನ್ನನ್ನು ಹೀಗೆ ಕರೆಯುತ್ತಿದ್ದಾನೆಂಬುದು ಅವಳಿಗೆ ಹೊಸದು. ಅವಳ ಮುಖ ಬಿಸಿಯಾಗಿತ್ತು.

*

ದೊಡ್ಡ ಗುಡಿಸಿಗೆ ಮೊದಲಿನ ರವಿವಾರ ಹೆಸರು ಹೇಳುವ ದಿನ. ಕೇಂದ್ರ ಹೇಳಿಕೊಟ್ಟದ್ದು ಇಷ್ಟೇ: ಉಳಿಯಬೇಕಾದ್ದನ್ನು ರೋಗಿಯ ಎದುರು ಒಮ್ಮೆ ಆಡಿ, ಅವನ ಬಾಯಿಂದಲೂ ಅದರ ಹೆಸರು ಹೇಳಿಸಿದರೆ ಅದಕ್ಕೊಂದು ಬೇರು ಹುಟ್ಟುತ್ತದೆ. ಜನ ಅದನ್ನು ಹಬ್ಬ ಮಾಡಿಕೊಂಡಿದ್ದರು. ಸಿಹಿಗೆ ಮಾದಲಿ ಮಾಡುತ್ತಿದ್ದರು. ಹಳೆಯ ಜಗಳಗಳನ್ನು ಬೇಕೆಂದೇ ಎತ್ತದೆ ಬಿಡುತ್ತಿದ್ದರು. ಸೇರದ ಸೊಸೆಯ ಹೆಸರನ್ನು ಅತ್ತೆಯ ಕಡೆಯವರು ಹಾರಿಸುತ್ತಿದ್ದರು. ಎದುರುಮನೆಯ ಮುದುಕನಿಗೆ ಅವನ ಕಿರಿಮಗನ ಹೆಸರನ್ನು ಹಿರಿಮಗ ಹೇಳಗೊಡಲಿಲ್ಲ. ಈಗ ಕಿರಿಮಗ ಬಂದರೆ ಮುದುಕ ಬಾಗಿಲಲ್ಲೇ ನಿಲ್ಲಿಸಿ, ಯಾವ ಊರಾಯಿತು ಎಂದು ಕೇಳುತ್ತಿದ್ದ.

ಶಿವಯೋಗಿಯ ತಂಗಿ ದಾನಮ್ಮ ಬೆಳಿಗ್ಗೆಯೇ ಹುಬ್ಬಳ್ಳಿಯಿಂದ ಬಂದಿಳಿದಿದ್ದಳು. ಅಣ್ಣನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು ಒಂದೇ ಸಮನೆ ಶುರು ಮಾಡಿದಳು.

"ಅಣ್ಣಾ, ನಾ ಯಾರು?"

"ದಾನಿ."

"ದಾನಿ ಅಲ್ಲ, ದಾನಮ್ಮ ಅನ್ನು, ಗಟ್ಟಿ ಕುಂಡ್ರಲಿ. ನಿನಗ ದೀಪಾವಳಿಗೆ ಅಂಗಿ ತಂದಾಕಿ ಯಾರು?"

"ನೀ ಎಲ್ಲಿ ತಂದಿದ್ದಿ? ನಾನ ನಿನಗ ಸೀರಿ ಕೊಡಿಸೀನಿ."

"ನೋಡ್ರಿ ವೈನಿ, ಇದೊಂದು ಮಾತ್ರ ಯಾವ ಬಾರಿಗಿಗೂ ಹೋಗಂಗಿಲ್ಲ," ಎಂದು ದಾನಮ್ಮ ಅತ್ತಿಗೆಯ ಕಡೆ ತಿರುಗಿ ನಕ್ಕಳು. ಅವನು ನಗಲಿಲ್ಲ. ಹನ್ನೊಂದು ವರ್ಷಗಳಿಂದ ಅವನು ನಕ್ಕಿರಲಿಲ್ಲ. ನಗಬೇಕಾದ ಕಡೆ ಬಾಯಿ ಸ್ವಲ್ಪ ತೆರೆದು, ಏನೋ ತಡೆದಂತೆ ಮುಚ್ಚಿಕೊಳ್ಳುತ್ತಿತ್ತು.

ದಾನಮ್ಮ ಅಡುಗೆಮನೆಗೆ ಬಂದು ಬಾಗಿಲು ಅರೆ ಮುಚ್ಚಿದಳು.

"ವೈನಿ, ಅದನ್ನ ಹೇಳವ್ರದೀರೇನು?"

ಅದನ್ನ ಎಂದರೆ ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

"ಹೇಳಲಿಲ್ಲಂದ್ರ ಹೋಗತಾಳ, ದಾನಮ್ಮ. ಅವರೊಳಗ ಆಕಿ ಪೂರಾ ಹೋಗತಾಳ."

"ಹೋಗ್ಲಿ ಬಿಡ್ರಿ. ಆಕಿ ಹೋಗಿ ಎಷ್ಟ ವರ್ಷಾತು. ಇವ ಬದುಕ್ಯಾನಲ್ಲ, ಇವನರ ಉಳೀಲಿ. ಈ ಮನುಷ್ಯಾ ಹೆಂಗಿದ್ದ, ನೆನಪೈತೇನು ನಿಮಗ? ಬಸ್‌ಸ್ಟ್ಯಾಂಡಿನ್ಯಾಗ ಅವನ ಮಾತು ಕೇಳಾಕ ಬಸ್ಸು ತಪ್ಪಿಸಿಕೊಂಡು ನಿಂದರ್ತಿದ್ರು. ಈಗ ನೋಡ್ರಿ. ಸತ್ತ ಕೂಸನ್ನ ಹೊತ್ಕೊಂಡು ತಿರಗಾಕತ್ತಾನ. ಒಮ್ಮಿ ಇಳಿಸಿಕೊಳ್ಳಲಿ."

"ಅವರಿಗೊಂದು ಮಾತ ಕೇಳಬ್ಯಾಡೇನು?"

"ಏನಂತ ಕೇಳ್ತೀರಿ? ನಿನ್ನ ಮಗಳನ್ನ ಮರೆಸೋಣೇನಪಾ ಅಂತನ? ಕೇಳಿದ್ರ ಹೆಸರು ಹೇಳಿದಂಗ ಆತಲ್ರಿ."

ಅದು ನಿಜ. ಕೇಳುವುದಕ್ಕೆ ದಾರಿಯೇ ಇರಲಿಲ್ಲ. ಕೇಳಿದರೆ ತಾರಾ ಬೇರೂರುತ್ತಾಳೆ, ಅವಳ ಕೈ ಹಿಡಿದು ಆ ಬೆಳಗೂ ಬರುತ್ತದೆ: ಫೋನು, ಕೋಲು, ತೆಗೆದಿಟ್ಟ ಮುಚ್ಚಳ. ಮುಂದೆ ಒಂದೊಂದು ಗುಡಿಸಿನಲ್ಲೂ ಬಾರಿಗೆ ಅವನನ್ನು ಆ ದಾರಿಯಲ್ಲೇ ನಡೆಸಿಕೊಂಡು ಹೋಗುತ್ತದೆ.

ಕರುಣೆಯಿಂದ ಬಿಟ್ಟುಬಿಡಬೇಕೆಂದು ನೀಲಾಂಬಿಕೆ ತನಗೆ ತಾನೇ ಹೇಳಿಕೊಂಡಳು. ಆದರೆ ಒಲೆಯ ಮುಂದೆ ನಿಂತಷ್ಟು ಹೊತ್ತೂ ಆ ಕರುಣೆಯ ಕೆಳಗೆ ಇನ್ನೊಂದು ಅಲುಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಒಮ್ಮೆ ಮಗಳನ್ನು ಕಳೆದವನು ಅವನು. ಅವನ ಬಳಿ ಅವಳೇಕೆ ಇರಬೇಕು? ಅವಳು ತನ್ನೊಬ್ಬಳ ಬಳಿ ಇರಲಿ. ಅವನು ಹಗುರಾಗುವುದೆಂದರೆ ಅವನ ಪಾಲನ್ನು ಕಿತ್ತುಕೊಳ್ಳುವುದೂ ಹೌದು. ಅದು ಅವಳಿಗೆ ಬೇಡವೆನಿಸಲಿಲ್ಲ.

ಆದರೂ ಸಂಜೆ ದಾನಮ್ಮ ಅಂಗಳಕ್ಕೆ ಹೋದಾಗ ಅವನೆದುರು ಬಂದು ಕುಳಿತಳು. ಅವನು ತಲೆಯೆತ್ತಿ ನೋಡಿದ. ಎಷ್ಟೋ ಕಾಲದ ಮೇಲೆ ನೇರ ನೋಡಿದ್ದ. ಅವಳ ನಾಲಿಗೆಯ ಮೇಲೆ ಆ ಎರಡಕ್ಷರ ಬಂದು ನಿಂತಿತ್ತು.

"ಚಾ," ಎಂದ ಶಿವಯೋಗಿ.

ಅವಳು ಎದ್ದು ಒಳಗೆ ಹೋದಳು.

*

ಇವತ್ತಿನ ನಿನ್ನೆಯ ನೆನಪುಗಳಿಗೆ ಬೇರು ಬೇಕಿಲ್ಲ. ತಾಜಾ ಆಗಿರುವುದರಿಂದಲೇ ಅವು ನಿಲ್ಲುತ್ತವೆ, ತಾವು ಹಿಡಿದ ಹಳೆಯ ಕೈಗಳನ್ನೂ ನಿಲ್ಲಿಸಿಕೊಳ್ಳುತ್ತವೆ. ಆ ಹಿಡಿತ ಸಡಿಲವಾಗಲೆಂದೇ ದೊಡ್ಡ ಗುಡಿಸಿಗೆ ಮೊದಲು ರೋಗಿಯನ್ನು ಎರಡು ದಿನ ಔಷಧ ಕೊಟ್ಟು ಮಲಗಿಸುತ್ತಿದ್ದರು.

ಸೂಜಿ ಚುಚ್ಚುವ ಮುನ್ನ ಶಿವಯೋಗಿ ಹಾಸಿಗೆಯ ಪಕ್ಕ ನಿಂತಿದ್ದ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡ. ತುಟಿ ಏನನ್ನೋ ಕರೆಯಲು ಹೊರಟು, ಶಬ್ದವಿಲ್ಲದೆ ಅಲುಗಿತು.

"ಏನ್ರಿ?"

"ಏನಿಲ್ಲ ಬಿಡು," ಎಂದ. ಆಮೇಲೆ, "ಎದ್ದ ಮ್ಯಾಲೆ ನೀ ಇರ್ತಿಯಲ್ಲ?"

"ಇರ್ತೀನಿ. ನಾ ಎಲ್ಲಿ ಹೋಗ್ತೀನಿ?"

ಅವನು ಕಣ್ಣು ಮುಚ್ಚಿದ.

ನಿಯಂತ್ರಣ ಕೋಣೆಯಲ್ಲಿ ಶಾಹೀನ ಯಂತ್ರದ ಮುಂದೆ ಕುಳಿತು, ನಿಯಮದ ಪ್ರಕಾರ ಜೋರಾಗಿ ಕೇಳಿದಳು: "ಬೇರಿಲ್ಲದ ಉಂಗುರ ಒಂದೈತಿ. ಮನಿಯವರು ಬೇರಿಗೆ ಕಟ್ಟೋದು ಏನರ ಐತೇನ್ರಿ?"

"ಇಲ್ಲ," ಎಂದಳು ನೀಲಾಂಬಿಕೆ.

"ಅಕ್ಕಾರ, ಇನ್ನೊಂದ ಸಲ ವಿಚಾರ ಮಾಡ್ರಿ. ಒಮ್ಮಿ ಬಾರಿಗಿ ಆಡ್ತಂದ್ರ ಜಾಗ ಖಾಲಿ. ನಾ ತರಂಗಿಲ್ಲ, ನೀವೂ ತರಂಗಿಲ್ಲ."

"ಇಲ್ಲ ಅಂದ್ನೆಲ್ಲ."

ಶಾಹೀನ ಗುಂಡಿ ಒತ್ತಿದಳು. ಮೇಲಿನ ಬೇರುಗಳಿಂದ ಬೆಳಕು ಇಳಿಯತೊಡಗಿತು. ಎಳೆಯಿಂದ ಎಳೆಗೆ, ಗಂಟಿನಿಂದ ಗಂಟಿಗೆ, ಮಳೆಗಾಲದ ಮೊದಲ ನೀರು ಬಿರುಕುಗಳನ್ನು ಹುಡುಕಿಕೊಂಡು ಹೋಗುವ ಹಾಗೆ. ದಪ್ಪ ಎಳೆ ಝಗ್ಗನೆ ಹೊತ್ತಿಕೊಂಡಿತು. ಕೆಳಗಿನ ಉಂಗುರದ ಹತ್ತಿರ ಬೆಳಕು ಬರಲಿಲ್ಲ. ಆಮೇಲೆ ಗುಡಿಸುವ ಸರದಿ. ಸದ್ದಿಲ್ಲ, ಏನಿಲ್ಲ. ಉಂಗುರವಿದ್ದ ಜಾಗ ಕಪ್ಪಾಯಿತು.

ನೀಲಾಂಬಿಕೆ ಅಳಬೇಕೆಂದುಕೊಂಡಿದ್ದಳು. ಅಳು ಬರಲಿಲ್ಲ. ಈಗ ತಾರಾ ಪೂರ್ತಿ ನನ್ನವಳು ಎಂದಷ್ಟೇ ಅನಿಸಿತು, ಹಾಗೆ ಅನಿಸಿದ್ದಕ್ಕೆ ಹೆದರಿದಳು.

*

ಶಿವಯೋಗಿ ಎದ್ದಾಗ ಕಿಟಕಿಯಲ್ಲಿ ಬಿಸಿಲಿತ್ತು. ಬಾಗಿಲಲ್ಲಿ ತಂಗಿಯನ್ನು ಕಂಡವನೇ, "ಏನ ದಾನಿ, ಹುಬ್ಬಳ್ಳಿ ಬಸ್ಸಿನ್ಯಾಗ ಕುಂಡ್ರಾಕ ಜಾಗ ಸಿಕ್ತೇನು, ಇಲ್ಲಾ ಡ್ರೈವರನ ತೊಡಿ ಮ್ಯಾಲ ಕುಂತು ಬಂದಿ?" ಎಂದು ನಕ್ಕ. ನಿಜವಾಗಿ ನಕ್ಕ. ಹಲ್ಲು ಕಂಡಿತು, ಭುಜ ಕುಣಿಯಿತು. ದಾನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ನಕ್ಕಳು. ನೀಲಾಂಬಿಕೆ ಗೋಡೆಗೆ ಒರಗಿ ನಿಂತು ಅವನ ನಗುವನ್ನೇ ನೋಡಿದಳು. ತಾನು ಮಾಡಿದ್ದು ಸರಿ.

ಆಗ ಅವನು ಅವಳ ಕಡೆ ತಿರುಗಿದ. ಮುಖದ ಮೇಲೆ ನಗು ಹಾಗೇ ಇತ್ತು.

"ಸಿಸ್ಟರ್, ಒಂದು ಕಪ್ ಚಾ ಸಿಗತೈತೇನ್ರಿ?"

ಅವನು ಚೇಷ್ಟೆ ಮಾಡುತ್ತಿದ್ದಾನೆಂದು ದಾನಮ್ಮ ತಿಳಿದಳು. "ಯಾಕಣ್ಣಾ, ವೈನಿಗೆ ರೀ ಅಂತೀಯಲ್ಲ!"

"ಯಾರ ವೈನಿ?"

"ನನ್ನ ವೈನಿ. ನಿನ್ನ ಹೆಂಡ್ತಿ."

ಅವನು ಗಾಬರಿಯಿಂದ ಎದ್ದು ಕುಳಿತು, ಅಂಗಿಯ ಗುಂಡಿ ಹಾಕಿಕೊಂಡ. "ಏ ಹುಚ್ಚಿ, ಪರರ ಹೆಣ್ಣುಮಕ್ಕಳ ಮುಂದ ಏನರ ಮಾತಾಡಬ್ಯಾಡ. ತಪ್ಪ ತಿಳ್ಕೋಬ್ಯಾಡ್ರಿ ಸಿಸ್ಟರ್, ನಮ್ಮ ತಂಗಿ ಸಣ್ಣಾಕಿದ್ದಾಗಿಂದ ಹಿಂಗ."

*

ಗುಡಿಸಿದ ಮೇಲೆ ಕೇಂದ್ರಕ್ಕೆ ಒಂದು ಅಧಿಕಾರವಿತ್ತು. ಇಲ್ಲವಾದ ನೆನಪನ್ನು ಓದಲು ಕಾನೂನಿನ ಅಡ್ಡಿಯಿಲ್ಲ. ಆದರೆ ಓದಲು ಏನೂ ಉಳಿದಿರುವುದಿಲ್ಲ. ಉಳಿಯುವುದು ಅದನ್ನು ಮನಸ್ಸು ಕರೆಯುತ್ತಿದ್ದ ಕರೆಯೊಂದೇ, ಮನೆ ಬಿದ್ದ ಮೇಲೂ ನಿಂತ ಬಾಗಿಲಿನ ಹಾಗೆ. ಶಾಹೀನ ಅದನ್ನು ತೆಗೆದು, ಕೇಳಿಸುವುದೋ ಬೇಡವೋ ಎಂದು ನೀಲಾಂಬಿಕೆಯ ಮುಖ ನೋಡಿದಳು.

"ಮೊದಲ ಆ ದಪ್ಪ ಎಳಿ ನೋಡು," ಎಂದಳು ನೀಲಾಂಬಿಕೆ. "ಅದು ಉಳದೈತೆಲ್ಲ? ಅದು ನಾನಲ್ಲೇನು?"

ಚಿಪ್ಪು ಕೆಟ್ಟಿರಬಹುದೆಂದು ಅನುಮಾನ ಬಂದಾಗ ಬದುಕಿರುವ ಬೇರನ್ನೂ ಒಮ್ಮೆ ತೆಗೆದು ನೋಡಬಹುದು. ಶಾಹೀನ ನೋಡಿದಳು. ಮುಚ್ಚಿ, ಮತ್ತೊಮ್ಮೆ ತೆಗೆದು ನೋಡಿದಳು.

"ಏನೈತಿ? ಹೇಳ."

"ಚಾ ಐತ್ರಿ ಅಕ್ಕಾರ."

ನೀಲಾಂಬಿಕೆ ಪರದೆಯನ್ನೇ ನೋಡುತ್ತ ಕುಳಿತಳು. ಎದ್ದ ಕೂಡಲೇ ಅದು, ಉಂಡ ಕೂಡಲೇ ಅದು. ಕರೆದದ್ದು ಚಹಾವನ್ನು. ಬರುತ್ತಿದ್ದವಳು ತಾನು.

"ಇನ್ನೊಂದು ಕೇಳಸು."

ಶಾಹೀನ ಗುಂಡಿ ಒತ್ತಿದಳು. ಧ್ವನಿಪೆಟ್ಟಿಗೆಯಿಂದ ಶಿವಯೋಗಿಯ ದನಿ ಬಂತು. ಈಗಿನ ಒಣಗಿದ ದನಿಯಲ್ಲ, ಮೈಕಿಲ್ಲದೆಯೂ ನಿಲ್ದಾಣದ ಆಚೆ ತುದಿಗೆ ಮುಟ್ಟುತ್ತಿದ್ದ ಆ ಹಳೆಯ ದನಿ. ಅಂಗಳದಿಂದ ಅಡುಗೆಮನೆಗೆ ಕೂಗುವ ಹಾಗೆ:

"ತಾರಾನ ಅವ್ವಾ..."

ತಾರಾ ಹುಟ್ಟಿದ ಮೇಲೆ ಅವನು ಅವಳನ್ನು ಕರೆದದ್ದು ಹಾಗೆಯೇ. ಓಣಿಯ ಎಲ್ಲ ಗಂಡಸರೂ ಹೆಂಡತಿಯರನ್ನು ಹಾಗೇ ಕರೆಯುತ್ತಿದ್ದರು, ಹಿರಿಯ ಮಗುವಿನ ಹೆಸರು ಹಿಡಿದು. ಮಗು ಹೋದ ಮೇಲೆ ಆ ಕರೆಯನ್ನು ಕರೆಯಲು ಅವನಿಗೆ ಬಾಯಿ ಬರಲಿಲ್ಲ. ಬೇರೆ ಕರೆ ಅವನ ಬಳಿ ಇರಲೇ ಇಲ್ಲ.

"ಅವರೊಳಗ ನೀವು ಆಕಿ ಕೈ ಹಿಡಿದಿದ್ರಿ, ಆಕಿ ನಿಮ್ಮ ಕೈ ಹಿಡಿದಿದ್ಲು," ಎಂದಳು ಶಾಹೀನ, ನೆಲ ನೋಡುತ್ತ. "ಹೊರಗಿಂದ ಯಾರೂ ಹಿಡಿದಿದ್ದಿಲ್ಲ. ಅದಕ್ಕ ಅಷ್ಟ ದೊಡ್ಡದಿತ್ತ್ರಿ."

"ಇನ್ನೊಂದ ಸಲ ಹಚ್ಚು," ಎಂದಳು ನೀಲಾಂಬಿಕೆ.

*

ಹೇಳಿ ನೋಡಿದರು. ದಾನಮ್ಮ ಮದುವೆಯ ಫೋಟೊ ತಂದು ಎದುರು ಹಿಡಿದಳು. ಅವನು ನಾಚಿಕೊಂಡು, "ಇರಬಹುದ್ರಿ. ಇಂಥಾ ಚಲೋ ಹೆಣ್ಣು ನನ್ನಂಥಾವಗ ಯಾರ ಕೊಟ್ರು?" ಎಂದು ನಕ್ಕ. ಆ ಸಂಜೆ ಅವಳ ತಟ್ಟೆಗೆ ತಾನೇ ಬೆಣ್ಣೆ ಹಾಕಿದ. ಆದರೆ ಹೇಳಿದ ಮಾತಿಗೆ ಹಿಡಿದುಕೊಳ್ಳಲು ಹಳೆಯ ಕೈ ಒಂದೂ ಇರಲಿಲ್ಲ. ತಾಜಾತನ ಆರುತ್ತಿದ್ದಂತೆ ಒಂದು ನಿಲುಗಡೆಯಲ್ಲಿ ಅದು ಹೋಗುತ್ತಿತ್ತು, ಅವನು ಮತ್ತೆ ಅಂಗಿಯ ಗುಂಡಿ ಹಾಕಿಕೊಂಡು ದೂರ ಸರಿದು ಕೂರುತ್ತಿದ್ದ. ಒಮ್ಮೆಯಂತೂ ಅವಳ ಕೈ ಅವನ ಹೆಗಲ ಮೇಲಿರುವಾಗಲೇ ನಿಲುಗಡೆ ಬಂತು. ಕಣ್ಣಿಗೆ ಜೀವ ಬಂದಾಗ ಅವನು ಆ ಕೈಯನ್ನು, ಬಿದ್ದ ಹಲ್ಲಿಯನ್ನು ತೆಗೆಯುವವನಂತೆ, ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಅಂದಿನಿಂದ ಅವಳು ಹೇಳುವುದನ್ನು ಬಿಟ್ಟಳು.

ಅವಳನ್ನು ಮನೆ ನೋಡಿಕೊಳ್ಳುವವರು ಎಂದು ಅವನು ತಿಳಿದುಕೊಂಡ. ಅಕ್ಕಾರ ಎಂದು ಕರೆಯತೊಡಗಿದ. ಅದರಿಂದಲಾದರೂ ಒಂದು ಬೇರು ಹುಟ್ಟೀತೆಂದು ಅವಳು ಕಾದಳು. ಹುಟ್ಟಲಿಲ್ಲ. ಹಾಲಿನವಳೂ ಅವನಿಗೆ ಅಕ್ಕಾರ, ಕಾಯಿಪಲ್ಯದವಳೂ ಅಕ್ಕಾರ.

ಅವನು ಚೆನ್ನಾಗಿದ್ದ. ಮೈ ತುಂಬಿಕೊಂಡ. ಬೆಳಿಗ್ಗೆ ಹಲ್ಲುಜ್ಜುತ್ತ ಹಳಿಯಾಳ, ದಾಂಡೇಲಿ ಎಂದು ಬಸ್ಸುಗಳನ್ನು ಕೂಗಿ ಓಣಿಯ ಮಕ್ಕಳನ್ನು ನಗಿಸುತ್ತಿದ್ದ. ನೆಂಟರು ಮತ್ತೆ ಬರತೊಡಗಿದರು. ಎಲ್ಲರೂ ನೀಲಾಂಬಿಕೆಗೆ, ಪುಣ್ಯದ ಕೆಲಸ ಮಾಡಿದ್ರಿ ಎಂದು ಹೇಳಿ ಹೋದರು.

ನೀರು ಬಂದ ಒಂದು ಬೆಳಿಗ್ಗೆ ಅವನೇ ಸಂಪಿಗೆ ಪೈಪು ಹಾಕಿ, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಅವಳು ಹೊಸಿಲ ಮೇಲೆ ಕುಳಿತಿದ್ದಳು.

"ಅಕ್ಕಾರ, ಕೇಳಬೇಕಂತಿದ್ದೆ. ನಿಮಗ ಮಕ್ಕಳು ಎಷ್ಟ್ರಿ?"

"ಒಬ್ಬಾಕಿ ಇದ್ಲು."

"ಇದ್ಲು ಅಂದ್ರ?"

"ತೀರ್ಕೊಂಡ್ಲು. ನಾಕು ವರ್ಷದಾಕಿ."

ಅವನು ಕಪ್ಪನ್ನು ಕೆಳಗಿಟ್ಟ. "ಅಯ್ಯ ಶಿವನ. ಏನಾಗಿತ್ತ್ರಿ?"

ಇಲ್ಲಿಗೆ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಹನ್ನೊಂದು ವರ್ಷಗಳಲ್ಲಿ ಈ ಮನುಷ್ಯ ಈ ಪ್ರಶ್ನೆಯನ್ನು ಕೇಳಿದ್ದು ಇದೇ ಮೊದಲು.

"ನೀರು ಬಂದಿತ್ತು. ಸಂಪಿನ ಮುಚ್ಚಳ ತಗದಿತ್ತು. ಬಿದ್ಲು."

"ಕೂಸು ಓಡಾಡೋ ಮನಿಯೊಳಗ ಮುಚ್ಚಳ ತಗದಿಟ್ಟವ ಯಾಂವ್ರಿ ಅಂವ?"

"ಮನಿಯವರ."

"ನಿಮ್ಮ ಯಜಮಾನ್ರ?"

"ಹೂಂ."

ಪೈಪಿನಿಂದ ಸಂಪಿಗೆ ನೀರು ಬೀಳುತ್ತಿತ್ತು. ಅವನ ಮುಖ ಕೆಂಪಗಾಗಿತ್ತು. ಒಳ್ಳೆಯವನಿಗೆ ಬರುವ ಸಿಟ್ಟು ಅದು.

"ನಿಮ್ಮ ಮುಂದ ಅನಬಾರದು, ಆದ್ರೂ ಅಂತೀನಿ. ಅಂಥಾವನ ಕೂಡ ಹೆಂಗ ಬಾಳೇ ಮಾಡಿದ್ರಿ ನೀವು? ಕೂಸನ್ನ ತಿಂದವನಿಗೆ ಅನ್ನ ಹಾಕಿದ್ರೇನು? ನಾ ಆಗಿದ್ರ ಅವನ ಮಾರಿ ಸುದ್ದಾ ನೋಡ್ತಿದ್ದಿಲ್ಲ."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಈಗ ಎಲ್ಲ್ಯದಾನ್ರಿ ಅಂವ?"

"ಈಗ ಇಲ್ರಿ."

"ಚಲೋ ಆತು ಬಿಡ್ರಿ," ಎಂದ ಶಿವಯೋಗಿ. ಕಪ್ಪು ಎತ್ತಿ ಒಂದು ಗುಟುಕು ಕುಡಿದ, ನಾಲಿಗೆಯ ಮೇಲೆ ರುಚಿ ನೋಡಿದ. "ಸಕ್ಕರಿ ಒಂಚೂರು ಕಮ್ಮಿ ಬಿದ್ದೈತಿ ನೋಡ್ರಿ ಅಕ್ಕಾರ."

ಅವಳು ಸಕ್ಕರೆ ತರಲು ಎದ್ದಳು.